ಹದಿನೇಳು ಒಂದುಗಳು

ಮಾನ್ಯ ಅಧ್ಯಕ್ಷರೇ, ನನ್ನನ್ನು ಈಗಷ್ಟೇ ಗಣಿತದ ಸಿಂಹ ಎಂದು ಕರೆದ ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ತರಗತಿ ತಪ್ಪಿತೆಂಬ ಸಂತೋಷದಲ್ಲಿ ಬಂದಿರುವ ವಿದ್ಯಾರ್ಥಿಗಳೇ ಮತ್ತು ಸಭಿಕರೇ,

ನಿವೃತ್ತನಾಗುವವನ ಬಗ್ಗೆ ಯಾರೂ ಕೆಟ್ಟದ್ದು ಹೇಳುವುದಿಲ್ಲ. ಆ ಕೆಲಸ ನನಗೇ ಉಳಿದಿದೆ.

ನನ್ನ ಕೀರ್ತಿಗೆ ಕಾರಣ ಒಂದೇ ಸಂಖ್ಯೆ: ಸಾಲಾಗಿ ಬರೆದ ಹದಿನೇಳು ಒಂದುಗಳು. ಅದು ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು ಒಂಬತ್ತು ವರ್ಷಗಳ ಹಿಂದೆ ಸಾಧಿಸಿದೆ. ಹೇಗೆ ಸಾಧಿಸಿದೆ? ಹದಿನೇಳು ಅವಿಭಾಜ್ಯ, ಆದ್ದರಿಂದ ಹದಿನೇಳು ಒಂದುಗಳೂ ಅವಿಭಾಜ್ಯ! ವಿಭಾಗದಲ್ಲಿ ಯಾರೂ ಪ್ರಶ್ನಿಸಲಿಲ್ಲ. ಅವರ ಬಡ್ತಿಯ ಪಟ್ಟಿ ನನ್ನ ಮೇಜಿನ ಮೇಲಿತ್ತು. ಸಂಖ್ಯೆಯನ್ನು ವಿಭಾಗದ ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿಸಿದರು. ಕೆತ್ತಿದವನು ಹದಿನೆಂಟು ಒಂದುಗಳನ್ನು ಕೆತ್ತಿದ್ದ. ಒಂದಕ್ಕೆ ಸಿಮೆಂಟು ಮೆತ್ತಿದೆವು.

ಪ್ರಶ್ನೆ ಕೇಳಿದವಳು ನನ್ನ ಹೆಂಡತಿ. "ಮೂರೂ ಅವಿಭಾಜ್ಯವೇ ಅಲ್ವಾ? ಮತ್ತೆ ನೂರ ಹನ್ನೊಂದು ಮೂವತ್ತೇಳರಿಂದ ಭಾಗ ಆಗುತ್ತಲ್ಲಾ?" ಸಣ್ಣ ಸಂಖ್ಯೆಗಳಿಗೆ ಶಿಸ್ತಿರುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ.

ಪದವಿಯಲ್ಲಿ ಅವಳು ಮೊದಲು, ನಾನು ಎರಡನೆಯವನು. ಮುಂದೆ ಓದಬೇಡ ಎಂದು ನಾನೆಂದೂ ಹೇಳಿದವನಲ್ಲ. ಎಮ್ಮೆಸ್ಸಿ ಅರ್ಜಿಯನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಳು, ಮರೆತೆ. ಮರುವರ್ಷವೂ ಮರೆತೆ. ಮರೆವು ಯಾರಿಗಿಲ್ಲ ಹೇಳಿ?

ಇರಲಿ. ಅವಳು ಭಾಗಾಕಾರ ಶುರುಮಾಡಿದಳು. ನಮ್ಮ ಕಾಲೇಜಿಗೇ ಇನ್ನೂ ಕಂಪ್ಯೂಟರ್ ಬಂದಿಲ್ಲ, ಅವಳದು ಕೈಲೆಕ್ಕ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯವೊಂದಿದ್ದರೆ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂದು ತಾನೇ ಕಂಡುಕೊಂಡಳು. ಅಂಥವನ್ನೇ ಚಿಕ್ಕದರಿಂದ ಆರಿಸುತ್ತ, ನಾನು ಕಾಲೇಜಿಗೆ ಹೊರಟ ಮೇಲೆ ದಿನಕ್ಕೆ ಮೂರೋ ನಾಲ್ಕೋ. ಎಂಟೂವರೆ ವರ್ಷ. ಮನೆಗೆ ಬಂದವರ ಮುಂದೆ "ನಮ್ಮವಳಿಗೆ ಲೆಕ್ಕದ ಹುಚ್ಚು" ಎಂದು ನಾನು ನಗುತ್ತಿದ್ದೆ.

ಮೊನ್ನೆ ಬೆಳಿಗ್ಗೆ ನಾನು ಈ ಭಾಷಣ ಬರೆಯುತ್ತಿದ್ದಾಗ ಒಂದು ಹಾಳೆ ತಂದು ಮುಂದಿಟ್ಟಳು. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರರಿಂದ ಭಾಗಿಸಿದ್ದಳು. ಶೇಷ ಸೊನ್ನೆ. ನಾನು ಮೂರು ಸಲ ಭಾಗಿಸಿದೆ. ಸೊನ್ನೆ ಕದಲಲಿಲ್ಲ.

ಸಮಾರಂಭ ಮುಗಿಯುವ ತನಕ ಯಾರಿಗೂ ಹೇಳಬೇಡ ಎಂದು ಬೇಡಿಕೊಂಡೆ.

"ನಾನ್ಯಾಕೆ ಹೇಳ್ಲಿ? ನೀವೇ ಹೇಳಿ."

ಆಗಲೂ ನನ್ನ ಜಂಬ ಇಳಿಯಲಿಲ್ಲ. ಭಾಗಲಬ್ಧ ಐನೂರ ಮೂವತ್ತಾರು ಕೋಟಿ ಚಿಲ್ಲರೆ ಇದೆ, ಅದನ್ನೂ ಒಡೆಯೋಣ, ಈ ಸಲ ನಾನು ದಾರಿ ತೋರಿಸುತ್ತೇನೆ ಎಂದೆ.

"ಅದು ಒಡೆಯಲ್ಲ. ಒಡೆಯೋದಾಗಿದ್ರೆ ಅದರ ಚಿಕ್ಕ ಭಾಗ ಎಪ್ಪತ್ನಾಲ್ಕು ಸಾವಿರದ ಒಳಗೇ ಇದ್ದು, ನಂಗೆ ಮೊದಲನೇ ವರ್ಷವೇ ಸಿಕ್ಕಿರ್ತಿತ್ತು. ನೀವು ಪ್ರೊಫೆಸರು, ಇಷ್ಟು ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಮೊದಲ ಸಾಲಿನಿಂದ ಎದ್ದು ಹೊರಟಿರುವ ಇಬ್ಬರು ನನ್ನ ಸಂಖ್ಯೆಯ ಮೇಲೆ ಡಾಕ್ಟರೇಟ್ ಪಡೆದವರು. ದಯವಿಟ್ಟು ದಾರಿ ಬಿಡಿ. ನನ್ನ ಹೆಂಡತಿ ಸಭೆಗೆ ಬಂದಿಲ್ಲ. ಕರೆದೆ. ಹತ್ತೊಂಬತ್ತು ಒಂದುಗಳನ್ನು ಕೈಗೆತ್ತಿಕೊಂಡಿದ್ದಾಳಂತೆ, ಬಿಡುವಿಲ್ಲವಂತೆ. ಇವತ್ತಿನ ಅಡುಗೆ ನನ್ನದು, ಹಾಗಾಗಿ ಮಾತು ಮುಗಿಸುತ್ತೇನೆ.

ಇಷ್ಟು ವರ್ಷ ನನ್ನನ್ನು ಪರೀಕ್ಷಿಸದೆ ನಂಬಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.