ಸೀಮೆಸುಣ್ಣದ ಗೆರೆ ಒರೆಸಿದ್ದು ಯಾರು?

ಮುಂದೆ ಬನ್ನಿ ತಾಯಿ, ಇಲ್ಲಿ ಜಮಖಾನ ಖಾಲಿ ಇದೆ. ಹಿಂದೆ ನಿಂತವರೂ ಕೂತ್ಕೊಳ್ಳಿ, ಇನ್ನೂ ಸ್ವಲ್ಪ ಹೊತ್ತಿದೆ.

ನಾವು ಮನಸ್ಸಿನ ಗೊಂದಲದ ಮಾತಾಡ್ತಾ ಇದ್ವಿ. ಏನೋ ಒಂದು ತಿಳೀದೇ ಹೋದಾಗ ಮನುಷ್ಯ ಏನು ಮಾಡ್ತಾನೆ? ತಿಳೀಲಿಲ್ಲ ಅಂತ ಸುಮ್ಮನೆ ಕೂರ್ತಾನಾ? ಕೂರೋದಿಲ್ಲ. ಏನು ಮಾಡ್ತಾನೆ ಅಂತ ಒಂದು ಉದಾಹರಣೆ ಹೇಳ್ತೀನಿ, ಕೇಳಿ.

ಇದೇ ಹೊಳೆಸಾಲಿನ ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಅಕ್ಕಿ ಮಿಲ್ಲಿನ ಸಾಹುಕಾರ. ಹೆಸರು ಬೇಕಾ? ಮುರಿಗೆಪ್ಪ ಅನ್ನೋಣ. ಕೆಟ್ಟವನಲ್ಲ, ನೋಡಿ. ಬಂದವರಿಗೆ ಊಟ ಹಾಕೋನು, ಕೆಲಸದವರನ್ನ ಚೆನ್ನಾಗಿ ನೋಡ್ಕೊಳ್ಳೋನು. ಆದರೆ ಒಂದು ಗುಣ. ತನಗೆ ಗೊತ್ತಿಲ್ಲ ಅನ್ನೋ ಮಾತು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಅವನಿಗೊಂದು ಹಳೇ ಕಾರು. ಅದು ದಾರೀಲಿ ಬಿಸಿಯಾಗಿ ಹೊಗೆ ಬಿಡೋಕೆ ಶುರುಮಾಡ್ತು. ನಿಲ್ಲಿಸಿದ ಕಡೆ ಎಲ್ಲ ಕೆಳಗೆ, ಇಂಜಿನ್ ತಂಪಿಗೆ ಹಾಕೋ ಆ ಹಸಿರು ನೀರು. ಗ್ಯಾರೇಜಿನವನು ಬಗ್ಗಿ ನೋಡಿ ಹೇಳಿದ: "ಸಾಹುಕಾರ್ರೆ, ವಾಟರ್ ಪಂಪ್ ಹೋಗಿದೆ. ಪಂಪ್ ಬಿಚ್ಚಬೇಕು ಅಂದ್ರೆ ಟೈಮಿಂಗ್ ಬೆಲ್ಟ್ ತೆಗೀಬೇಕು. ಹೆಂಗೂ ತೆಗೀತೀವಿ, ಎರಡೂ ಹೊಸದು ಹಾಕಿಬಿಡೋಣ. ಗಾಡಿ ಬಿಟ್ಟು ಹೋಗಿ."

ಬೆಲ್ಟ್ ಅನ್ನೋ ಮಾತು ಕಿವಿಗೆ ಬಿತ್ತು, ಅಷ್ಟೆ. ಮುರಿಗೆಪ್ಪ ನಕ್ಕುಬಿಟ್ಟ. "ಬೆಲ್ಟ್ ಹಾಕೋಕೆ ನಿನ್ನ ಹತ್ತಿರ ಬರಬೇಕೇನಯ್ಯ? ನಾನು ಹುಟ್ಟಿದ್ದೇ ಮಿಲ್ಲಿನ ಬೆಲ್ಟಿನ ಸದ್ದಲ್ಲಿ!" ಪಂಪು, ಬೆಲ್ಟು ಎರಡನ್ನೂ ಅಂಗಡೀಲಿ ಕೊಂಡು, ಕಾರನ್ನು ಮೆಲ್ಲಗೆ ಮನೆಗೆ ತಂದು, ಹಿತ್ತಲಲ್ಲಿ ನಿಲ್ಲಿಸಿದ.

ಈಗ ನೀವು ಕೇಳ್ತೀರಿ, ಸ್ವಾಮೀ, ಈ ಟೈಮಿಂಗ್ ಬೆಲ್ಟ್ ಅಂದ್ರೆ ಏನು? ನನಗೂ ಒಬ್ಬರು ಹೇಳಿದ್ದೇ. ಇಂಜಿನ್ನಿನ ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡನ್ನೂ ಕಟ್ಟಿಹಾಕಿರೋದು ಹಲ್ಲು ಇರೋ ಒಂದು ಬೆಲ್ಟು. ಕೆಳಗಿನದು ಇಷ್ಟು ತಿರುಗಿದ್ರೆ ಮೇಲಿನದು ಇಷ್ಟೇ ತಿರುಗಬೇಕು. ಹೆಚ್ಚು ಕಮ್ಮಿ ಆದ್ರೆ ಒಳಗಿನ ಭಾಗಗಳು ಒಂದಕ್ಕೊಂದು ಬಡಿದು ಇಂಜಿನ್ನೇ ಹಾಳು. ಮಿಲ್ಲಿನ ಬೆಲ್ಟ್ ಹಾಗಲ್ಲ. ಅದನ್ನ ಹೇಗೆ ಎಳೆದು ಹಾಕಿದ್ರೂ ಓಡುತ್ತೆ.

ಮುರಿಗೆಪ್ಪ ದಡ್ಡನಲ್ಲ. ಬಿಚ್ಚೋ ಮುಂಚೆ ಚಕ್ರಗಳ ಮೇಲೆ, ಅದರ ಪಕ್ಕದ ಕಬ್ಬಿಣದ ಮೇಲೆ, ನೇರಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಗೆರೆಗೆ ಗೆರೆ ಕೂಡಿಸಿದ್ರೆ ಆಯ್ತು, ಎಲ್ಲ ಮೊದಲಿನ ಹಾಗೇ. ಬೆಲ್ಟ್ ತೆಗೆದ. ಹಳೇ ಪಂಪ್ ಕಿತ್ತ. ಅದು ಸುಲಭಕ್ಕೆ ಬರಲಿಲ್ಲ. ತಟ್ಟಿದ, ಎಳೆದ, ಅಲ್ಲಾಡಿಸಿದ, ಆ ಎಳೆದಾಟದಲ್ಲಿ ಚಕ್ರಗಳು ಎಷ್ಟೋ ಜರುಗಿದವು. ಜರುಗಲಿ, ಗೆರೆ ಇದೆಯಲ್ಲ! ಹೊಸ ಪಂಪ್ ಕೂರಿಸಿ, ಬೋಲ್ಟ್ ಬಿಗಿದು, ಹೊಸ ಬೆಲ್ಟ್ ಕೈಗೆ ತಗೊಂಡು ಬಗ್ಗಿ ನೋಡ್ತಾನೆ.

ಗೆರೆ ಇಲ್ಲ.

ಮೇಲಿಲ್ಲ. ಕೆಳಗಿಲ್ಲ. ಬೆಳ್ಳಿ ಪಾತ್ರೆ ಉಜ್ಜಿಟ್ಟ ಹಾಗೆ ಚಕ್ರಗಳು ಫಳಫಳ ಹೊಳೀತಾ ಇವೆ.

ಅವನಿಗೆ ಒಂದು ಕ್ಷಣ ತಲೆ ತಿರುಗಿದ ಹಾಗಾಯ್ತು. ನಾನು ಗೆರೆ ಎಳೆದೆನೋ ಇಲ್ಲವೋ? ಎಳೆದೆ. ಸೀಮೆಸುಣ್ಣ ಅಲ್ಲೇ ಕಲ್ಲಿನ ಮೇಲಿದೆ, ಬೆರಳಲ್ಲಿ ಬಿಳಿ ಇದೆ. ಹಾಗಾದರೆ ಗೆರೆ ಎಲ್ಲಿ ಹೋಯ್ತು?

ಇಲ್ಲಿ ಸ್ವಲ್ಪ ನಿಲ್ಲಿ. ಆ ಮನುಷ್ಯನ ಸ್ಥಿತಿ ನೋಡಿ. ತಿಳೀತಾ ಇಲ್ಲ. ತಿಳೀದೇ ಇರೋದು ಅವನಿಗೆ ಅಭ್ಯಾಸ ಇಲ್ಲ. ಮೈಯೆಲ್ಲ ಉರೀತಾ ಇದೆ. ಆಗ ಕಣ್ಣು ಏನು ಹುಡುಕುತ್ತೆ? ಗೆರೆಯನ್ನಾ? ಅಲ್ಲ. ಮನುಷ್ಯರನ್ನ ಹುಡುಕುತ್ತೆ. ಯಾರಾದರೂ ಒಬ್ಬರು ಬೇಕು!

ಸಿಕ್ಕಿದರು. ಹಿತ್ತಲ ಬಾಗಿಲಲ್ಲೇ ನಿಂತಿದ್ದರು.

ಮುರಿಗೆಪ್ಪನ ಹೆಂಡತಿ ದಾಕ್ಷಾಯಣಿ. ಅವಳ ಅಣ್ಣ ಬಕ್ಕೇಶಪ್ಪ, ಬಾಗಿಲಲ್ಲಿ ನಿಂತಿದ್ದವರು ಅವರೇ. ಜೀವಮಾನವೆಲ್ಲ ಬಟ್ಟೆ ಅಂಗಡೀಲಿ ಸೀರೆ ಬಿಚ್ಚಿ ತೋರಿಸಿ ಮಡಿಸಿಟ್ಟವರು. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅಣ್ಣನನ್ನು ತಂಗಿ ತನ್ನ ಮನೆಗೆ ಕರಕೊಂಡು ಬಂದಿದ್ದಳು. ಆ ಕೈಗಳು ಸುಮ್ಮನೆ ಇರ್ತಿರಲಿಲ್ಲ. ತೊಟ್ಟಿಕ್ಕೋ ನಲ್ಲಿ ನಿಲ್ಲಿಸೋರು, ಟವೆಲ್ ಮಡಿಸೋರು, ಮೇಜಿನ ಧೂಳು ಒರೆಸೋರು. ಯಾರೂ ಹೇಳ್ತಿರಲಿಲ್ಲ, ಅವರೇ ಮಾಡೋರು. ಅನ್ನ ಉಣ್ಣೋ ಮನೇಲಿ ಅಷ್ಟಾದರೂ ಮಾಡೋಣ ಅಂತ ಇದ್ದಿರಬಹುದು.

"ಭಾವ, ನೀವು ಇಲ್ಲಿಗೆ ಬಂದಿದ್ರಾ?"

"ಆಗಲೇ ಒಂದು ಸಲ ಬಂದಿದ್ದೆ. ನೀರು ಬೇಕೇನೋ ಅಂತ ಕೇಳೋಕೆ..."

"ಇದನ್ನ ಒರೆಸಿದ್ರಾ?"

"ಯಾವುದನ್ನ?"

"ಈ ಚಕ್ರಾನ! ನೋಡಿ, ಹೆಂಗೆ ಹೊಳೀತಾ ಇದೆ! ಈ ಮನೇಲಿ ಹೀಗೆ ಒರೆಸೋರು ಬೇರೆ ಯಾರಿದಾರೆ?"

ಬಕ್ಕೇಶಪ್ಪ ಚಕ್ರ ನೋಡಿದರು. ತಮ್ಮ ಕೈ ನೋಡಿಕೊಂಡರು. "ಇಲ್ಲ ಮುರಿಗೆಪ್ಪನವರೆ, ನಾನು ಮುಟ್ಟಿದ ನೆನಪಿಲ್ಲ..."

"ನೆನಪಿಲ್ಲ! ಮುಟ್ಟಿಲ್ಲ ಅನ್ನೋದಿಲ್ಲ, ನೆನಪಿಲ್ಲ ಅಂತೀರಿ!"

ಗಲಾಟೆಗೆ ದಾಕ್ಷಾಯಣಿ ಓಡಿ ಬಂದಳು. ಒಂದು ಕಡೆ ಗಂಡ, ಒಂದು ಕಡೆ ಅಣ್ಣ. ಅವಳು ಏನಂದಳು ಗೊತ್ತಾ? ಜಗಳ ಮುಗಿಸೋಣ ಅಂತಲೇ ಅಂದಳು, ಪಾಪ. "ಅಣ್ಣಾ, ಒರೆಸಿದ್ರೆ ಒರೆಸಿದೆ ಅಂತ ಹೇಳಿಬಿಡು. ಗೊತ್ತಿಲ್ದೆ ಆಗಿರುತ್ತೆ, ಯಾರೇನೂ ಅನ್ನಲ್ಲ."

ತಂಗಿಯೂ ನಂಬಿಬಿಟ್ಟಳಲ್ಲ. ಬಕ್ಕೇಶಪ್ಪ ಅವಳ ಮುಖ ನೋಡಿದರು, ಚಕ್ರ ನೋಡಿದರು. "ಇರಬಹುದಮ್ಮ," ಅಂದರು. "ಕೈ ಚಪಲ ನನಗೆ. ಒರೆಸಿದೆನೇನೋ."

ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಮುರಿಗೆಪ್ಪನ ಬಾಯಿಂದ ಒಂದು ಮಾತು ಬಂತು. "ತಿಂದ ಅನ್ನ ಕರಗಿಸೋಕೆ ನಿಮಗೆ ಬೇರೆ ಕೆಲಸ ಸಿಗಲಿಲ್ವಾ?"

ಮಧ್ಯಾಹ್ನ ಊಟಕ್ಕೆ ಕರೆದರೆ ಬಕ್ಕೇಶಪ್ಪ ಹಸಿವಿಲ್ಲ ಅಂದರು. ಆಮೇಲೆ ಕೈಚೀಲ ಹಿಡಕೊಂಡು ಹೊರಟರು. "ನಾಲ್ಕು ದಿನ ಊರ ಕಡೆ ಇದ್ದು ಬರ್ತೀನಿ ದಾಕ್ಷಿ." ಯಾವ ಊರು? ಅಲ್ಲಿ ಅವರಿಗೆ ಮನೆಯೇ ಇರಲಿಲ್ಲ. ದಾಕ್ಷಾಯಣಿ ಗಂಡನ ಮುಖ ಕೂಡ ನೋಡದೆ ಅಣ್ಣನ ಹಿಂದೆ ಬಸ್ ಸ್ಟ್ಯಾಂಡಿಗೆ ಓಡಿದಳು.

ಮುರಿಗೆಪ್ಪ ಗೇಟಿಗೆ ಒಳಗಿಂದ ಚಿಲಕ ಹಾಕಿದ. ಈಗ ಮನೇಲಿ ಅವನೊಬ್ಬನೇ. ಇನ್ನು ಯಾರೂ ಮುಟ್ಟೋರಿಲ್ಲ, ಇನ್ನು ಕೆಲಸ ಸರಿಯಾಗಿ ಆಗುತ್ತೆ! ಅಂದಾಜಿನ ಮೇಲೆ ಚಕ್ರಗಳನ್ನ ಒಂದು ಲೆಕ್ಕಕ್ಕೆ ನಿಲ್ಲಿಸಿದ. ಆ ಲೆಕ್ಕ ಮರೀಬಾರದು ಅಂತ ಮತ್ತೆ ಗೆರೆ ಎಳೆದ. ಬೆಲ್ಟ್ ಹಾಕಿದ. ಸ್ಟಾರ್ಟ್ ಮಾಡೋ ಮುಂಚೆ ಪಾನಾ, ಅಂದ್ರೆ ಸ್ಪ್ಯಾನರ್, ಹಾಕಿ ಕೆಳಗಿನ ಚಕ್ರವನ್ನು ಕೈಯಲ್ಲೇ ತಿರುಗಿಸಿದ. ಅರ್ಧ ತಿರುಗಿತು. ಟಕ್ ಅಂತ ನಿಂತಿತು.

ಬಲ ಹಾಕಲಾ? ಮಿಲ್ಲಿನಲ್ಲಾಗಿದ್ದರೆ ಹಾಕ್ತಿದ್ದ. ಇಲ್ಲಿ ಯಾಕೋ ಕೈ ಹಿಂದೆ ಸರೀತು. ಪಾನಾ ಬಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತು ಯೋಚನೆ ಮಾಡಿದ. ಎಲ್ಲಿ ತಪ್ಪಿದೆ? ಮೇಲಿನದು ಹಿಂದಿದೆಯೋ, ಕೆಳಗಿನದು ಮುಂದಿದೆಯೋ? ಯೋಚನೆ ಮಾಡಿದ, ಮಾಡಿದ, ಸಾಕಾಗುವಷ್ಟು ಮಾಡಿದ. ಗೆರೆ ನೋಡಿಕೊಂಡು ಮತ್ತೆ ಮೊದಲಿಂದ ಹಾಕೋಣ ಅಂತ ತಲೆ ಎತ್ತಿದ.

ಗೆರೆ ಇಲ್ಲ!

ಅಯ್ಯೋ, ಇದೇನಿದು? ಮನೇಲಿ ಯಾರೂ ಇಲ್ಲ. ಗೇಟು ಹಾಕಿದೆ. ಬಕ್ಕೇಶಪ್ಪ ಬಸ್ಸಲ್ಲಿದ್ದಾರೆ. ಗೆರೆ ಮತ್ತೆ ಹೋಗಿದೆ! ಅವನಿಗೆ ಮೊದಲು ಬಂದದ್ದು ಭಯ. ತಲೆ ಕೆಟ್ಟಿತಾ ನಂದು? ಸುತ್ತ ನೋಡಿದ. ತೆಂಗಿನ ಮರ, ಬಾವಿ, ಒಗೆಯೋ ಕಲ್ಲು. ಒಂದು ನರಪಿಳ್ಳೆ ಇಲ್ಲ. ಯಾರು, ಯಾರು ಒರೆಸಿದರು?

ಆಗ ಕೈ ಕಡೆ ಕಣ್ಣು ಹೋಯ್ತು.

ಅವನ ಬಲಗೈ ಚಕ್ರದ ಮೇಲಿತ್ತು. ಕೈಯಲ್ಲಿ ಬಟ್ಟೆ ಇತ್ತು. ಆ ಕೈ ಆಗಲೂ ಒರೆಸ್ತಾ ಇತ್ತು. ಮೆಲ್ಲಗೆ, ಸುತ್ತ, ಸುತ್ತ. ಅವನು ನೋಡ್ತಾ ಇದ್ದಾನೆ, ಕೈ ಒರೆಸ್ತಾ ಇದೆ!

ಮಿಲ್ಲಿನಲ್ಲಿ ಚಕ್ರಕ್ಕೆ ಎಣ್ಣೆ ಹತ್ತಿದರೆ ಬೆಲ್ಟ್ ಜಾರುತ್ತೆ. ಅದಕ್ಕೆ ಪ್ರಾಯದಿಂದಲೂ ಅವನ ಕೈಗೆ ಅದೇ ಅಭ್ಯಾಸ. ಯೋಚನೆಗೆ ನಿಂತರೆ ಕೈ ಒರೆಸುತ್ತೆ. ಉಸಿರಾಡಿದ್ದು ನಮಗೆ ಗೊತ್ತಾಗುತ್ತಾ? ಹಾಗೆ.

ಬೆಳಿಗ್ಗೆ ಒರೆಸಿದ್ದೂ ಇದೇ ಕೈ. ಆದರೆ ಅವನು ಸುಳ್ಳು ಹೇಳಿರಲಿಲ್ಲ, ನೋಡಿ. ಅದನ್ನ ಗಮನಿಸಿ. ಬೇಕಂತ ಬೇರೆಯವರ ಮೇಲೆ ಹಾಕಿರಲಿಲ್ಲ. ದೇವರ ಮುಂದೆ ನಿಲ್ಲಿಸಿ ಕೇಳಿದ್ದರೂ ನಾನು ಒರೆಸಿಲ್ಲ ಅಂತಲೇ ಹೇಳ್ತಿದ್ದ. ನಂಬಿ ಹೇಳ್ತಿದ್ದ.

ಸಂಜೆ ದಾಕ್ಷಾಯಣಿ ಒಬ್ಬಳೇ ಬಂದು ಗೇಟು ತಟ್ಟಿದಾಗ ಅವನು ಹಿತ್ತಲಿಂದ ಎದ್ದು ಹೋಗಿ ಚಿಲಕ ತೆಗೆದ. "ಒರೆಸಿದ್ದು ನಾನು ಕಣೆ," ಅಂದ. ತಾನೇನು ಅಂದಿದ್ದೆ ಅಂತ ಅವಳಿಗೂ ನೆನಪಾಯ್ತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮಾರನೇ ದಿನ ಮುರಿಗೆಪ್ಪ ಬಸ್ ಹತ್ತಿದ. ಕಾರು ಬಿಚ್ಚಿ ಬಿದ್ದಿದೆಯಲ್ಲ! ಬಕ್ಕೇಶಪ್ಪನವರ ಊರಲ್ಲಿ ವಿಚಾರಿಸಿದರೆ, ಮಠದ ಕಡೆ ನೋಡಿ ಅಂದರು. ಹೋಗಿ ನೋಡಿದರೆ, ದಾಸೋಹದ ಸಾಲಿನ ಕೊನೇಲಿ ಬಕ್ಕೇಶಪ್ಪ ಎಲೆ ಮುಂದೆ ಕೂತಿದ್ದಾರೆ. ದಾಸೋಹದ ಊಟ ಪ್ರಸಾದ, ಅದರಲ್ಲಿ ನಾಚಿಕೆ ಇಲ್ಲ. ಆದರೆ ತಂಗಿ ಮನೇಲಿ ಅನ್ನ ಇರೋವಾಗ ಅವರು ಇಲ್ಲಿಗೆ ಯಾಕೆ ಬಂದರು? ಅದು ಮುರಿಗೆಪ್ಪನಿಗೆ ಚುಚ್ಚಿತು. ಪಕ್ಕದಲ್ಲಿ ಹೋಗಿ ಕೂತ. ಅವನಿಗೂ ಎಲೆ ಹಾಕಿದರು.

"ಭಾವ, ಅದನ್ನ ಒರೆಸಿದ್ದು ನೀವಲ್ಲ. ನಾನು. ನನ್ನ ಕಣ್ಣಾರೆ ನೋಡಿದೆ."

ಬಕ್ಕೇಶಪ್ಪ ತಲೆ ಅಲ್ಲಾಡಿಸಿದರು. "ನನಗೆ ಬೇಜಾರಾಗಬಾರದು ಅಂತ ಹಾಗೆ ಅಂತೀರಿ. ಬಿಡಿ. ಒರೆಸಿದ್ದು ನಾನೇ."

"ಇಲ್ಲ ಭಾವ, ನೀವು ಮುಟ್ಟೇ ಇಲ್ಲ!"

"ಮುಟ್ಟಿದೆ. ನಿನ್ನೆ ಬಸ್ಸಲ್ಲಿ ಕೂತು ಯೋಚನೆ ಮಾಡಿದೆ, ಎಲ್ಲ ನೆನಪಿಗೆ ಬಂತು. ನೀರಿನ ಚೊಂಬು ಕೆಳಗಿಟ್ಟೆ, ಬಟ್ಟೆ ತಗೊಂಡೆ, ಒರೆಸಿದೆ. ಬಟ್ಟೆ ತಣ್ಣಗಿತ್ತು, ಅದೂ ನೆನಪಿದೆ."

ಮುರಿಗೆಪ್ಪನ ತುತ್ತು ಕೈಯಲ್ಲೇ ಉಳೀತು. ಆಗದೇ ಇದ್ದದ್ದು ಈ ಮನುಷ್ಯನಿಗೆ ನೆನಪಾಗಿದೆ! ಹಾಕಿದ್ದು ಯಾರು ಈ ನೆನಪನ್ನ? ಮತ್ತೆ ಮತ್ತೆ ಹೇಳಿದ, ಕೈ ಹಿಡಿದು ಹೇಳಿದ. ಬಕ್ಕೇಶಪ್ಪ "ಆಯ್ತು, ಆಯ್ತು" ಅಂದರು. ಒಪ್ಪಿದರೋ, ಸಮಾಧಾನಕ್ಕೆ ಅಂದರೋ, ಇವನಿಗೆ ತಿಳೀಲಿಲ್ಲ. ಊಟ ಮುಗಿಸಿ ಇಬ್ಬರೂ ಒಂದೇ ಬಸ್ಸಲ್ಲಿ ಮನೆಗೆ ಬಂದರು.

ಕಾರಿನ ಕಥೆ ಏನಾಯ್ತು ಅಂತ ಕೆಲವರಿಗೆ ಚಿಂತೆ, ಮುಖದಲ್ಲೇ ಕಾಣ್ತಾ ಇದೆ. ಏನೂ ಆಗಲಿಲ್ಲ! ಬಲ ಹಾಕಲಿಲ್ಲವಲ್ಲ, ಇಂಜಿನ್ ಉಳೀತು. ಗ್ಯಾರೇಜಿನವರು ಬಂದು ಎಳಕೊಂಡು ಹೋದರು, ಕಂಪನಿಯವರೇ ಕೊರೆದಿಟ್ಟ ಗುರುತು ನೋಡಿ ಕೂಡಿಸಿದರು, ಗಾಡಿ ಓಡ್ತಾ ಇದೆ. ಕಬ್ಬಿಣ ಸರಿಹೋಯ್ತು.

ಆದರೆ ಬಕ್ಕೇಶಪ್ಪ? ಒಂದು ಸಂಜೆ ಮುರಿಗೆಪ್ಪ ಜಗಲಿ ಮೇಲೆ ಕೂತಿದ್ದ. ಬಟ್ಟೆ ಒಣಗಿದ್ದವು. ಬಕ್ಕೇಶಪ್ಪ ತಂತಿ ಹತ್ತಿರ ಹೋಗಿ ನಿಂತರು. ಕೈ ಎತ್ತಿದರು, ಮತ್ತೆ ಇಳಿಸಿದರು. ಅಡಿಗೆಮನೆ ಕಡೆ ತಿರುಗಿ ಕೇಳಿದರು: "ದಾಕ್ಷಿ, ಇವನ್ನ ಮುಟ್ಟಲಾ?"

ಜೀವಮಾನವೆಲ್ಲ ಬಟ್ಟೆ ಮಡಿಸಿದ ಮನುಷ್ಯ! ಮುರಿಗೆಪ್ಪ ಎದ್ದ. ಏನೋ ಹೇಳೋಕೆ ಹೋದ. ಏನು ಹೇಳಬೇಕೋ ತಿಳೀಲಿಲ್ಲ, ಹಾಗೇ ನಿಂತ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರ್ತೀನಿ. ನಗಬೇಡಿ, ನಗೋ ಹೊತ್ತು ಮುಗೀತು.

ನಿಮ್ಮನೇಲಿ ಕನ್ನಡಕ ಕಾಣೋದಿಲ್ಲ. ಗ್ಯಾಸ್ ಆರಿಸಿರೋದಿಲ್ಲ. ಬೀಗದ ಕೈ ಇಟ್ಟ ಕಡೆ ಇರೋದಿಲ್ಲ. ನಿಮ್ಮ ಬಾಯಿಂದ ಮೊದಲು ಬರೋದು ಏನು? "ಎಲ್ಲಿ ಹೋಯ್ತು" ಅಂತೀರಾ? ಅಲ್ಲ. "ಯಾರು ತೆಗೆದರು" ಅಂತೀರಿ. ಆ "ಯಾರು" ಯಾರು ಸ್ವಾಮಿ? ಯಜಮಾನನ ಹೆಸರು ಬರುತ್ತಾ? ಆಫೀಸಿನ ದೊಡ್ಡ ಸಾಹೇಬರ ಹೆಸರು ಬರುತ್ತಾ? ಬರೋದಿಲ್ಲ. ಎದುರು ಮಾತಾಡದವರ ಹೆಸರು ಬರುತ್ತೆ. ಅತ್ತೆಯ ಹೆಸರು, ಸೊಸೆಯ ಹೆಸರು, ಪಾತ್ರೆ ತೊಳೆಯೋ ಹೆಣ್ಣುಮಗಳ ಹೆಸರು. ನಮ್ಮ ಅನ್ನ ಉಣ್ಣೋರ ಹೆಸರು!

ತಿಳೀದೇ ಇರೋದು ಪಾಪ ಅಲ್ಲ. ಎಲ್ಲರಿಗೂ ಆಗುತ್ತೆ, ನನಗೂ ಆಗುತ್ತೆ. ಆ ಗೊಂದಲವನ್ನ ಒಂದು ಗಳಿಗೆ ತಡಕೊಳ್ಳಲಾರದೆ ಇನ್ನೊಬ್ಬರ ತಲೆ ಮೇಲೆ ಇಳಿಸ್ತೀವಲ್ಲ, ಅದು ಪಾಪ. ನಾವು ಇಳಿಸಿ ಮರೀತೀವಿ. ಅವರು ಹೊತ್ತುಕೊಂಡು ನಡೀತಾರೆ.

ಅದಕ್ಕೆ ದೊಡ್ಡ ವ್ರತ ಏನೂ ಬೇಡ. ಒಂದೇ ಒಂದು ಮಾತು ಬಾಯಿಗೆ ಅಭ್ಯಾಸ ಮಾಡಿಸಿ: "ನಾನೇ ಇರಬಹುದು." ಏನಾದರೂ ಕಾಣದಿದ್ದರೆ, ಏನಾದರೂ ಕೆಟ್ಟರೆ, ಮೊದಲು ಇದನ್ನ ಜೋರಾಗಿ ಹೇಳಿ. ಮನೆಯವರಿಗೆ ಕೇಳಿಸೋ ಹಾಗೆ ಹೇಳಿ. ಆಮೇಲೆ ಹುಡುಕಿ. ನಾಳೆಯಿಂದ ಅಲ್ಲ, ಈಗಿಂದ.

ಸರಿ, ಏಳಿ. ನಿಧಾನಕ್ಕೆ ಹೋಗಿ, ನೂಕಬೇಡಿ. ಬಾಗಿಲಾಚೆ ನಿಮ್ಮ ಚಪ್ಪಲಿ ಬಿಟ್ಟ ಜಾಗದಲ್ಲಿ ಕಾಣದೇ ಹೋದರೆ, ಕೂಗೋ ಮುಂಚೆ ಪಕ್ಕದ ಸಾಲಲ್ಲೂ ಒಂದು ಸಲ ನೋಡಿ.