ಪೊಳ್ಳು ಫರ್ಸಿ

ಬಾಗಲಾ ಮುಂದ ಮಾಡಿ ಕುಂದರ್ರಿ. ಇದನ್ನ ಹೇಳೂ ಮುಂದ ನಡುವ ಯಾರೂ ಬಾಯಿ ಹಾಕಬ್ಯಾಡ್ರಿ, ನಗೂದಂತೂ ಬ್ಯಾಡೇ ಬ್ಯಾಡ. ಹುಚ್ಚೇಶ ಅಂದ್ರ ಬ್ಯಾರೆ ಯಾರೂ ಅಲ್ಲ, ನನ್ನ ಸ್ವಂತ ಸೋದರತ್ತಿ ಮಗ. ಗುಳೇದಗುಡ್ಡದಾಗ ಮಗ್ಗದ ಮನ್ಯಾಗ ಹುಟ್ಟಿದಂವ, ಬಾಗಲಕೋಟಿಗೆ ಬಂದು ಟೈಲ್ಸ್ ಅಂಗಡ್ಯಾಗ ನೌಕರಿ ಹಿಡದಂವ. ಗಿರಾಕಿ ಮುಂದ ಒಂದೆರಡು ಸುಳ್ಳು ಹೇಳ್ಯಾನು, ಅಂಗಡಿ ಅಂದಮ್ಯಾಲ ಬಿಡಂಗಿಲ್ಲ. ಮನಿ ಮಂದಿ ಮುಂದ ಹೇಳಾಂವಲ್ಲ.

ಆವತ್ತ ರಾತ್ರಿ ಅಂಗಡಿ ಮುಚ್ಚಿ ನವನಗರದ ಮನಿಗೆ ನಡಕೋತ ಹೊಂಟಿದ್ದ. ಗಾಡಿ ಪಂಕ್ಚರ್ ಆಗಿತ್ತು. ದಾರ್ಯಾಗ ಒಂದು ಹಾಳ ಬಾಂವಿ ಐತಿ. ಅಲ್ಲೆಲ್ಲಾ ಹೊಲ ಇದ್ದಾಗಿನ ಬಾಂವಿ, ತಳದಾಗ ಒಂದೀಟ ರಾಡಿ ನೀರು ಬಿಟ್ರ ಏನಿಲ್ಲ. ಈಗ ಮಂದಿ ಮನಿ ಒಡದ ಕಲ್ಲುಮಣ್ಣು ತಂದು ಅದರಾಗ ಸುರೀತಾರ. ಹುಚ್ಚೇಶನೂ ತನ್ನ ಫ್ಲ್ಯಾಟಿನ ಹಳೇ ನೆಲಾ ಕಿತ್ತಿಸಿ, ಟ್ರ್ಯಾಕ್ಟರ್ ತುಂಬಿಸಿ ಅಲ್ಲೇ ಸುರಿಸಿದ್ದ. ಬಾಂವಿ ದಾಟೂ ಮುಂದ ಒಳಗಿಂದ ಸಪ್ಪಳ ಕೇಳ್ತು.

ಖಟ್… ಖಟ್… ಖಟ್…

ಕಲ್ಲಿಗೆ ಕಲ್ಲು ಬಡದಂಗ. ಜೋರಿಲ್ಲ. ಒಂದು ಬಡೀತು… ಸುಮ್ಮನಾತು… ಮತ್ತೊಂದು ಬಡೀತು. ಯಾರೋ ಬಡದು, ಕಿವಿಗೊಟ್ಟು ಕೇಳಿ, ಮುಂದಿನ ಕಲ್ಲಿಗೆ ಹೋದಂಗ. ಹುಚ್ಚೇಶ ನಿಂತ. ಸಪ್ಪಳಾನೂ ನಿಂತ್ತು. ಹೆಜ್ಜಿ ಕಿತ್ತ… ಖಟ್.  ಹಗಲೆಲ್ಲಾ ಬಿಸಲಿಗೆ ಕಾದ ಕಲ್ಲು ತಣ್ಣಗಾಗೂ ಮುಂದ ಹಿಂಗ ಮಾಡತಾವ ಅಂತ ತನಗ ತಾನ ಹೇಳಕೊಂಡು, ಹೊಳ್ಳಿ ನೋಡದಂಗ ಮನಿ ಮುಟ್ಟಿದ.

ಈಗ ಆ ಫ್ಲ್ಯಾಟಿನ ಸುದ್ದಿ ಹೇಳತೇನಿ. ಹಳೇದು, ಯಾರೋ ಇದ್ದು ಬಿಟ್ಟು ಹೋದದ್ದು. ಮೊದಲನೇ ಮಜಲು. ಕೆಳಗ ಬರೇ ಕಂಬ, ಗಾಡಿ ನಿಲ್ಲಸೂ ಜಾಗ. ಹೆಂಡತಿ ಸುಶ್ಮಿತಾ ದಿನಾ ತುಂಬಿದ ಬಸರಿ, ಹಡ್ಯಾಕ ಇಲಕಲ್ಲಿಗೆ ತವರಮನಿಗೆ ಹೋಗಿದ್ಲು. ಮೊದಲ ಎರಡು ಬಸರು ನಿಂತಿರಲಿಲ್ಲ. ಕಂಡ ಕಂಡ ದೇವರಿಗೆ ಹರಕಿ ಹೊತ್ತು ಉಳಿಸಿಕೊಂಡ ಕೂಸಿದು. ಅದು ಮನಿಗೆ ಬರೂದರಾಗ ಮನಿ ಹೊಸಾದು ಮಾಡೇ ತೀರತೇನಿ ಅನ್ನೂದು ಹುಚ್ಚೇಶನ ಹಟ.

ಸುಶ್ಮಿತಾನ ಅವ್ವ, ಅವನ ಅತ್ತಿ ಸೋಮವ್ವ ಇಲಕಲ್ಲಿಂದ ಫೋನ್ ಮಾಡಿ ಬೈದ್ಲು. ಬಸರಿ ಇದ್ದಾಗ ಮನಿ ನೆಲಾ ಅಗಿಬಾರದು, ಬಾಣಂತನ ಮುಗೀಲಿ, ಆಮ್ಯಾಲ ಏನರ ಮಾಡಕೋರಿ ಅಂದ್ಲು. ಇಂವ ನಕ್ಕ. ನೆಲಾನ ಎಲ್ಲೈತ್ರಿ ಅತ್ತಿಯಾರ, ಕೆಳಗ ಕಾರು ನಿಂತಾವು, ನಾ ಒಡಸೂದು ಸಿಮೆಂಟು ಅಂದ. ಆಕಿ ಫೋನ್ ಇಟ್ಲು.

ಗಂಡಾ ಹೆಂಡತಿ ದಿನಾ ಫೋನಿನ್ಯಾಗ ಟೈಲ್ಸಿನ ಫೋಟೋ ಹಿಡಕೊಂಡು ಜಗಳಾಡೂದು. ಅವಂಗ ಕನ್ನಡಿಯಂಗ ಹೊಳಿಯೂ ಬಿಳೀ ಟೈಲ್ಸ್ ಬೇಕು. ಕೂಸು ಅಂಬೆಗಾಲ ಇಡೂ ಮುಂದ ಜಾರಿ ಗದ್ದಾ ಒಡಕೊಂಡ್ರ ನೀವು ಹೊಲಿಸಿಕೊಂಡ ಬರ್ತೀರೇನು, ಖರಬರ ಇರೂದ ಹಾಕಸ್ರಿ ಅಂತ ಆಕಿ. ಆಕಿ ಮಾತ ನಡೀತು. ಅಡಗಿ ಕಟ್ಟಿಗೂ ಹಂಗ. ನಮ್ಮೂರ ಇಲಕಲ್ಲಿನ ಕೆಂಪು ಕಲ್ಲೇ ಆಗಬೇಕು, ರೊಟ್ಟಿ ಬಡಿಯೂ ಮುಂದ ಅಲಗ್ಯಾಡಬಾರದು, ಸಿಂಕ್ ಅಂದ್ರ ಹಂಚು ಪೂರಾ ಮುಳಗಬೇಕು ಅಂದ್ಲು. ಅಂಗಡ್ಯಾಗ ಊರ ಮಂದಿಗೆಲ್ಲಾ ಬುದ್ಧಿ ಹೇಳಾಂವ, ಮನ್ಯಾಗ ಬರೇ ಹೂಂ.

ನೆಲಾ ಹಾಕೂ ಗೌಂಡಿ ಯಂಕಪ್ಪ ಕಲಾದಗಿ ಕಡ್ಯಾಂವ, ಕೆಲಸ ಮುಗಿಯೂತನಕ ಅಲ್ಲೇ ಹಾಲಿನ್ಯಾಗ ಮಲಗತಿದ್ದ. ಬಚ್ಚಲ ಮುಂದಿನ ಹಳೇ ಫರ್ಸಿ ಕಲ್ಲು ಎಬ್ಬಿಸಿದಾಗ ಅವಂಗ ಒಂದು ಹಿತ್ತಾಳಿ ಭರಣಿ ಸಿಕ್ಕಿತ್ತು. ಕುಂಕುಮ ಹಾಕಿಡೂ ಭರಣಿ ಇರತಾವಲ್ಲ, ಅಷ್ಟ. ಬಾಯಿಗೆ ಅರಗು ಮೆತ್ತಿತ್ತು. ಏನ ಮಾಡೂದ್ರಿ ಇದನ್ನ ಅಂತ ಯಂಕಪ್ಪ ಕೇಳಿದ. ಯಾರರೆ ಮಾಟಗೀಟ ಮಾಡಿ ಇಟ್ಟಾರೇನೋ ಅಂತ ಹುಚ್ಚೇಶ ಅಂಜಿದ. ಅದರ ಬಾಯಿ ತಗೀಬ್ಯಾಡ, ಕಲ್ಲುಮಣ್ಣಿನ ಜೋಡಿ ಬಾಂವಿಗೆ ಒಗದು ಬಾ ಅಂದ. ಯಂಕಪ್ಪ ಒಗದು ಬಂದ.

ಹೊಸಾ ಟೈಲ್ಸ್ ಕುಂತಮ್ಯಾಲ ಪೊಳ್ಳು ನೋಡತಾರ, ಗೊತ್ತಲ್ಲ? ಸಿಮೆಂಟ್ ಹಚ್ಚೂ ಕರಣಿ ಹಿಡಕಿಲೆ ಒಂದೊಂದ ಬಡಿಯೂದು. ಕೆಳಗ ಸಿಮೆಂಟ್ ಬಿಗಿ ಕುಂತಿದ್ರ ಟಣ್ ಅಂತೈತಿ. ಗಾಳಿ ಉಳದಿದ್ರ ಡೊಬ್. ಹುಚ್ಚೇಶ ಮೊಣಕಾಲೂರಿ ಇಡೀ ಮನಿ ತಾನ ಬಡದು ನೋಡಿದ್ದ. ಎಲ್ಲಾ ಟಣ್. ಒಂದೂ ಪೊಳ್ಳಿಲ್ಲ ಅಂತ ಯಂಕಪ್ಪನ ಬೆನ್ನು ಚಪ್ಪರಿಸಿದ್ದ.

ಬಾಂವಿ ದಾಟಿ ಬಂದ ರಾತ್ರಿನ ಮನ್ಯಾಗೂ ಸುರುವಾತು.

ಇಬ್ಬರೂ ಹಾಲಿನ್ಯಾಗ ಚಾಪಿ ಹಾಸಿಕೊಂಡು ಮಲಗಿದ್ರು. ಫ್ಯಾನ್ ಒಂದ ಗಿರ್ರ್ ಅನ್ನಾಕತ್ತಿತ್ತು. ಅಷ್ಟೊತ್ತಿಗೆ ಬೆನ್ನ ಕೆಳಗ… ಟಣ್.

ಸುಮ್ಮನಾತು.

ಟಣ್… ಇನ್ನೊಂದು ಟೈಲ್ಸ್ ಆಚೆ.

“ಸಾವ್ಕಾರ್ರ…” ಯಂಕಪ್ಪ ಪಿಸುಗುಟ್ಟಿದ, “ಯಾರೋ ಕೆಳಗಿಂದ ಪೊಳ್ಳ ನೋಡಾಕತ್ತಾರ.”

ಹುಚ್ಚೇಶ ಬ್ಯಾಟರಿ ಹಿಡಕೊಂಡು ಕೆಳಗಿಳದು ಹೋದ. ಗಾಡಿ ನಿಂತಾವು, ಕಂಬ ಅದಾವು, ಮ್ಯಾಲಿನ ಛತ್ತಿಗೆ ಕೈ ಮುಟ್ಟೂದು ದೂರ ಉಳೀತು, ಬಡಿಯೂ ಕೋಲೂ ಇಲ್ಲ. ನಿಚ್ಚಣಿಕಿ ಇಲ್ಲ, ನರಪಿಳ್ಳಿ ಇಲ್ಲ. ಅಲ್ಲೇ ನಿಂತು ಕೇಳಿದ. ಟಣ್… ಈಗ ಸಪ್ಪಳ ಮ್ಯಾಲಿಂದ, ತನ್ನ ಮನಿ ಒಳಗಿಂದ ಬರಾಕತ್ತಿತ್ತು. ಓಡಿ ಮ್ಯಾಲ ಬಂದ. ಯಂಕಪ್ಪ ಗ್ವಾಡಿಗೆ ಆತು ಕುಂತು ನೆಲದ ಕಡೆ ಬಟ್ಟ ಮಾಡಿ ತೋರಿಸಿದ. ಟಣ್… ಕೆಳಗಿಂದ.

ಮರುದಿನ ರಾತ್ರಿ ಅದು ಅಡಗಿ ಮನಿಗೆ ಹೋತು. ಕೆಂಪು ಕಲ್ಲಿನ ಕಟ್ಟಿ ಬುಡಕ ಒಂದೊಂದಾಗಿ ಬಡದು ನೋಡ್ತು. ಹೊಸಾ ಸಿಂಕಿನ್ಯಾಗ ಬಿಟ್ಟಿದ್ದ ಚಮಚ ಝಿಣ್ ಅಂತ ನಡಗೂದು ಹಾಲಿನತನಕ ಕೇಳಾಕತ್ತಿತ್ತು. ಯಂಕಪ್ಪ ಕೆಲಸ ಬಿಟ್ಟು ಹೋಗತೇನಿ ಅಂದ. ಹುಚ್ಚೇಶ ಕೈ ಮುಗದು ನಿಲ್ಲಿಸಿಕೊಂಡ. ಸುಶ್ಮಿತಾಗ ಮಾತ್ರ ಒಂದಕ್ಷರ ಹೇಳಲಿಲ್ಲ, ಅಂಜಿದ್ಲಂದ್ರ ಬಸರಿಗೆ ಏನರ ಆದೀತು ಅಂತ.

ಅದರ ಮುಂದಿನ ರಾತ್ರಿ ಮಲಗೂ ಖೋಲಿ. ಅಲ್ಲೆ ಛತ್ತಿಗೆ ತೊಟ್ಟಿಲ ತೂಗಹಾಕಾಕ ಕೊಂಡಿ ಕೂಡಿಸಿದ್ದ. ಬಾಗಲದಿಂದ ಸುರುವಾತು. ಟಣ್… ಟಣ್… ಕಿಡಕಿ ಕಡೆ ಹೋತು… ಹೊಳ್ಳಿ ನಡುವ ಬಂತು… ಕೊಂಡಿ ಕೆಳಗ ಬಂತು.

ಡೊಬ್.

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಆ ಟೈಲ್ಸ್ ಬಿಗಿ ಇತ್ತು, ಇಬ್ಬರೂ ಬಡದು ನೋಡಿದ್ರು.

ಡೊಬ್… ಡೊಬ್…

ಆಮ್ಯಾಲ ಏನೂ ಇಲ್ಲ. ಆ ಸುಮ್ಮಕಿನ್ಯಾಗ ಹುಚ್ಚೇಶನ ಫೋನ್ ಬಾರಿಸ್ತು. ಸುಶ್ಮಿತಾ. 

“ರೀ… ಕೂಸು ಹೊರಳವಲ್ಲದ್ರಿ.”

ಇಲಕಲ್ಲಿನ ದವಾಖಾನಿಗೆ ಕರಕೊಂಡು ಹೋಗಿದ್ರು ಆಕಿನ್ನ. ಕೂಸಿನ ಎದಿ ಬಡಿತ ಸಣ್ಣಗಾಗೈತಿ, ಒಂದೀಟ ಹೊತ್ತು ನೋಡಿ ಕೊಯ್ದು ತಗೀತೇವಿ, ಮ್ಯಾಲ ದೇವರಿಚ್ಛೆ ಅಂದಿದ್ರಂತ ಡಾಕ್ಟರ್. ಹುಚ್ಚೇಶ ಗಡದ್ ಆಳು, ಹಂತಾಂವ ಸಣ್ಣ ಹುಡುಗರಂಗ ಅತ್ತ. ಇದೂ ಹೋತು ಅಂದ್ರ ಆಕಿ ಉಳಿಯಂಗಿಲ್ಲ ಅಂತ ಅವಂಗ ಗೊತ್ತಿತ್ತು. ಗಾಡಿ ಕೀಲಿ ತಗೊಂಡು ಬಾಗಲಾ ತಗದ.

ಎದುರಿನ ಮನಿ ಅನಸೂಯಾಬಾಯಿ ಹೊಸ್ತಿಲದಾಗ ನಿಂತಿದ್ರು. ವಯಸ್ಸಾದಾಕಿ, ಸಾಲಿ ಕಲಿಸಿ ನಿವೃತ್ತಿ ಆದಾಕಿ, ಫ್ಲ್ಯಾಟ್ ಕಟ್ಟಿದಾಗಿಂದ ಅಲ್ಲೇ ಇದ್ದಾಕಿ. ಆಕಿಗೂ ಸಪ್ಪಳ ಕೇಳಿತ್ತು.

“ಹುಚ್ಚೇಶ, ಬಚ್ಚಲ ಮುಂದಿಂದು ಏನರ ತಗದಿಯೇನಪಾ?”

“ಒಂದು ಭರಣಿ ಸಿಕ್ಕಿತ್ರಿ ಬಾಯಾರ… ಬಾಂವಿಗೆ ಒಗದ್ವಿ.”

ಬಾಯಾರು ಬಾಗಲಾ ಹಿಡಕೊಂಡು ಕುಂತುಬಿಟ್ರು. ಸಣ್ಣ ದನಿಲೇ ಹೇಳಿದ್ರು. ಮೊದಲ ಆ ಮನ್ಯಾಗ ಸುರೇಖಾ ಅಂತ ಒಬ್ಬಾಕಿ ಇದ್ಲು. ಹಡದ ಕೂಸು ತಿಂಗಳು ತುಂಬೂದರಾಗ ಹೋತು. ಅದರ ಹೊಕ್ಕಳದ ತುಣುಕು, ಒಣಗಿ ಬೀಳತದಲ್ಲ, ಅದೊಂದ ಉಳದಿತ್ತು. ಎಲ್ಲಾರೂ ಅದನ್ನ ತಾಯತದಾಗ ಹಾಕಿ ಕೂಸಿಗೆ ಕಟ್ಟತಾರ. ಕೂಸ ಇಲ್ಲದಾಕಿ ಯಾರಿಗೆ ಕಟ್ಟಬೇಕು? ಭರಣ್ಯಾಗ ಹಾಕಿ ಅರಗು ಮೆತ್ತಿದ್ಲು. ಬಚ್ಚಲ ರಿಪೇರಿಗೆ ನೆಲಾ ಒಡದಾಗ ಗೌಂಡಿಗೆ ಹೇಳಿ ಅಲ್ಲೇ ಇಡಿಸಿದ್ಲು. ಮುಂದ ವರ್ಷೊಪ್ಪತ್ತಿನ್ಯಾಗ ತಾನೂ ಅದ ಮನ್ಯಾಗ ತೀರಿದ್ಲು. ಇರೂತನಕ ದಿನಾ ಆ ಫರ್ಸಿ ಬಡದು, ಕಿವಿ ಹಚ್ಚಿ ಕೇಳತಿದ್ಲಂತ.

“ಆಕಿ ತನ್ನದನ್ನ ಹುಡುಕ್ಲಿಕ್ಕೆ ಹತ್ಯಾಳ,” ಅಂದ್ರು ಬಾಯಾರು.

ಈಗ ಹೇಳ್ರಿ, ಎಲ್ಲಿಗೆ ಓಡಬೇಕು ಅಂವ? ಹೆಂಡತಿ ಕಡೆ ಓಡ್ಯಾನೋ, ಬಾಂವಿಗೆ ಇಳದಾನೋ? ಕತ್ತಲದಾಗ ಅಷ್ಟು ಕಲ್ಲಿನ ಬುಡಕ ಬೊಗಸ್ಯಾಗ ಹಿಡಿಯೂ ಭರಣಿ ಎಲ್ಲೆ ಹುಡಕಬೇಕು? ಅಷ್ಟರಾಗ ಒಳಗಿಂದ ಯಂಕಪ್ಪ ಕರದ. ಅಂವ ಆಗಲೇ ಆ ಪೊಳ್ಳು ಟೈಲ್ಸಿನ ಸಂದ್ಯಾಗ ಚಾಣ ಇಟ್ಟು ಕುಂತಿದ್ದ. ಒಂದ ಪೆಟ್ಟು ಹಾಕಿದ. ಟೈಲ್ಸ್ ಒಡೀಲಿಲ್ಲ, ಸೀಳಲಿಲ್ಲ, ಡಬ್ಬಿ ಮುಚ್ಚಳ ತಗದಂಗ ಎದ್ದು ಬಂತು.

ಕೆಳಗ ಸಿಮೆಂಟು ಕಲ್ಲಾಗಿ ಕುಂತಿತ್ತು. ಅದರ ನಡುವ ಭರಣಿ ಆಕಾರದ್ದ ಒಂದು ಕುಣಿ. ಕುಣ್ಯಾಗ ಭರಣಿ.

ಹಸೀ ಆಗಿತ್ತು ಅದು. ಮೈತುಂಬ ಬಾಂವಿ ರಾಡಿ.

ಯಂಕಪ್ಪ ಕೈ ಮುಂದ ಮಾಡಲಿಲ್ಲ. ಹುಚ್ಚೇಶನೇ ತನ್ನ ಅಂಗಿ ಚುಂಗಿಲೆ ಅದರ ರಾಡಿ ಒರಸಿದ.  ಅರಗು ಹಂಗ ಇತ್ತು. ಹೊಳ್ಳಿ ಕುಣ್ಯಾಗ ಇಟ್ಟು, ನೆಲಕ್ಕ ಬಾಯಿ ಹಚ್ಚಿ ಹೇಳಿದ.

“ತಪ್ಪಾತವ್ವಾ. ಇನ್ನ ಇದನ್ನ ಯಾರೂ ಮುಟ್ಟಂಗಿಲ್ಲ. ನಿಂದ ನಿನಗ… ನಂದ ನನಗ ಬಿಡು.”

ಯಂಕಪ್ಪ ಸಿಮೆಂಟ್ ಕಲಸಿ ಟೈಲ್ಸ್ ಕೂಡಿಸಿದ. ಬಡದು ನೋಡೂ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಹುಚ್ಚೇಶ ಗಾಡಿ ಹತ್ತಿದ. ಆ ಹಾದಿ ಹೆಂಗ ಹೋದೆ ಅಂತ ಇವತ್ತಿಗೂ ಅವಂಗ ನೆನಪಿಲ್ಲ. ಹುನಗುಂದದಾಗ ಒಂದು ಚಾದ ಅಂಗಡಿ ಆಗ ಬಾಗಲಾ ತಗಿಯಾಕತ್ತಿತ್ತು, ಅಲ್ಲೆ ಫೋನ್ ಬಂತು. ಹೆಸರು ನೋಡಿದ, ಸೋಮವ್ವ. ಸುಶ್ಮಿತಾ ಅಲ್ಲ. ಎತ್ತಾಕ ಕೈ ಬರಲಿಲ್ಲ. ಒಮ್ಮೆ ಬಾರಿಸಿ ನಿಂತ್ತು. ಎರಡನೇ ಸಲಕ್ಕ ಎತ್ತಿದ. ಕೊಯ್ಯಾಕ ಒಳಗ ಒಯ್ಯೂದರಾಗ ಕೂಸು ತಾನ ಒದ್ದು ಎದ್ದೈತಿ, ತಾನ ಹುಟ್ಟೈತಿ, ಹೆಣ್ಣು, ದವಾಖಾನಿ ಹಾರಿ ಹೋಗೂವಂಗ ಅಳಾಕತ್ತೈತಿ ಅಂದ್ಲು. ಹುಚ್ಚೇಶ ಅಲ್ಲೇ ರಸ್ತೆ ಮ್ಯಾಲ ಕುಂತ. ಚಾದಂವ ಬಂದು ನೀರು ಕೊಟ್ಟ.

ಇಷ್ಟಕ್ಕ ಮುಗದಿದ್ರ ಛಲೋ ಇತ್ತು.

ಒಂದು ವಾರ ಕಳದು ಹುಚ್ಚೇಶ ಬಾಣಂತಿನ್ನ ನೋಡಾಕ ಮತ್ತ ಇಲಕಲ್ಲಿಗೆ ಹೋದ. ಖೋಲ್ಯಾಗ ಸೋಮವ್ವ ಕೌದಿ ಝಾಡಿಸಾಕತ್ತಿದ್ಲು. ಕೂಸಿನ ಅರಿವಿ ಒಂದೊಂದ ಬಿಚ್ಚಿ, ಹೊಳ್ಳಿಸಿ ನೋಡಾಕತ್ತಿದ್ಲು. ಹೊರಸಿನ ಬುಡಕ ಕಸಬರಗಿ ಆಡಿಸಿದ್ಲು. ಕೂಸಿನ ಹೊಕ್ಕಳದ ತುಣುಕು ಒಣಗಿತ್ತು, ರಾತ್ರಿ ನೀರು ಎರಿಯೂ ಮುಂದ ಇತ್ತು, ಮುಂಜಾನಿ ನೋಡಿದ್ರ ಇಲ್ಲ. ಬಾಗಲಾ ಕಿಡಕಿ ಎಲ್ಲಾ ಹಾಕಿತ್ತು. ಇಲಿ ಒಯ್ತೋ ಏನೋ, ಅಷ್ಟು ಸಣ್ಣ ತುಣುಕು ಎಲ್ಲಿ ಹೋದೀತು ಅಂತ ಆಕಿ ಗೊಣಗಾಕತ್ತಿದ್ಲು.

 ಹುಚ್ಚೇಶ ಕೂಸಿನ್ನ ಎತ್ತಿ ಎದಿಗೆ ಅವಚಿಕೊಂಡ.

“ಹುಡಕಬ್ಯಾಡ್ರಿ ಅತ್ತಿಯಾರ,” ಅಂದ, “ಸಿಗಂಗಿಲ್ಲ.”

ಇದು ಖರೇ ಆದ ಮಾತು. ಯಂಕಪ್ಪ ಇನ್ನೂ ಕಲಾದಗ್ಯಾಗ ಅದಾನ, ಹೋಗಿ ಕೇಳ್ರಿ. ಆ ಟೈಲ್ಸ್ ಮತ್ತ ಯಾರೂ ಎಬ್ಬಿಸಿಲ್ಲ, ಭರಣ್ಯಾಗ ಈಗ ಒಂದ ತುಣುಕೈತೋ ಎರಡ ಅದಾವೋ ಅಂತ ನೋಡೂ ಗಂಡಸೂ ಹುಟ್ಟಿಲ್ಲ. ಕೂಸು ಗಟ್ಟಿಮುಟ್ಟೈತಿ, ಈಗ ಸಾಲಿಗೆ ಹೋಗತೈತಿ. ಕೊಳ್ಳಾಗ ಕರೀದಾರಕ್ಕ ಬೆಳ್ಳಿ ತಾಯತ ಕಟ್ಟ್ಯಾರ. ಸೋಮವ್ವ ಬರೇ ಕೊಳ್ಳು ನೋಡಲಾರದ ಕಟ್ಟಿಸಿದ್ದು. ಅದರಾಗ ಏನೂ ಇಲ್ಲ.