ಅರಕೇರಾದ ನಲವತ್ತು ದಿನ ಯಾವ ವಿಭಾಗಕ್ಕೆ?

೨೦೨೪ ನವೆಂಬರ್ ೧೭, ಭಾನುವಾರ, ರಾಯಚೂರು. ಜಿಲ್ಲಾ ಮಾಹಿತಿ ಕೋಶ ನಾಳೆ ಅಚ್ಚಿಗೆ ಹೋಗುತ್ತದೆ. ಅದರ ಸಂಪಾದಕಿ ಅನ್ನಪೂರ್ಣ ಅವರು ಸನ್ಮಾನಕ್ಕೆ ಉತ್ತರವಾಗಿ ಆಡಿದ ಮಾತು.

ಅಧ್ಯಕ್ಷರಾದ ಪ್ರಭುರಾಜ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಮಾನ್ವಿಯಿಂದ, ದೇವದುರ್ಗದಿಂದ ಬಸ್ಸು ಹಿಡಿದು ಬಂದ ಸಭಿಕರೇ,

ಹೊದಿಸಿದ ಶಾಲು ಬೆಚ್ಚಗಿದೆ. ರಾಯಚೂರಿನಲ್ಲಿ ಶಾಲು ಹೊದಿಸುವವರ ಧೈರ್ಯವನ್ನು ಮೆಚ್ಚಬೇಕು.

ಈ ಕೋಶಕ್ಕೆ ಆರು ವರ್ಷ ಹಿಡಿಯಿತು. ಭತ್ತದ ತಳಿ, ಹಳೆಯ ಬಾವಿ, ಹತ್ತಿ ಗಿರಣಿ, ಯಾವುದಕ್ಕೂ ಜಗಳವಾಗಲಿಲ್ಲ. ಒಂದೇ ಒಂದು ನಮೂದಿಗೆ ಹದಿನಾಲ್ಕು ಸಭೆಗಳಾದವು. ೧೯೮೭ರಲ್ಲಿ ಅರಕೇರಾದ ಕೂಲಿ ಕುಟುಂಬಗಳು ಊರ ಗಾಯರಾಣದಲ್ಲಿ, ಅಂದರೆ ದನ ಮೇಯುವ ಸರ್ಕಾರಿ ಜಮೀನಿನಲ್ಲಿ, ಉಳಲು ಈ ನೆಲ ನಮಗೆ ಕೊಡಿ ಎಂದು ನೇಗಿಲು ಹೂಡಿ ನಲವತ್ತು ದಿನ ಕದಲದೆ ಕೂತವು. ಅದನ್ನು ಯಾವ ವಿಭಾಗದಲ್ಲಿ ಇಡಬೇಕು?

‘ಚಳವಳಿಗಳು’ ಎಂದರು ನಿವೃತ್ತ ಉಪನ್ಯಾಸಕರಾದ ಸಾಬಣ್ಣನವರು. ‘ಗಲಭೆಗಳು’ ಎಂದರು ನಮ್ಮ ಅಧ್ಯಕ್ಷರು. “ಪೊಲೀಸ್ ಕಾಗದದಾಗ ಹಂಗ ಅದ ರೀ ಮೇಡಂ.” ಸಾಬಣ್ಣನವರು ಎದ್ದು ನಿಂತರು. “ಹಂಗಾರ ಪೊಲೀಸರ ಕೈಲೇ ಕೋಶ ಬರಸ್ರಿ. ನಾವ್ಯಾಕ ಚಾ ಕುಡಕೋತ ಕುಂತೀವಿ?”

ನಮ್ಮಲ್ಲಿ ಒಂದು ನಿಯಮವಿತ್ತು. ಒಬ್ಬರೇ ಒಬ್ಬರು ಆಕ್ಷೇಪಿಸಿದರೂ ಆ ಪದವನ್ನು ಬಿಡಬೇಕು. ನಿಯಮ ಮಾಡಿದವಳು ನಾನೇ. ‘ಗಲಭೆ’ಗೆ ಸಾಬಣ್ಣನವರು ಆಕ್ಷೇಪಿಸಿದರು. ‘ಚಳವಳಿ’ಗೂ ಒಂದು ಆಕ್ಷೇಪ ಬಂತು. ಎರಡೂ ಹೋಗಿ ಉಳಿದದ್ದು ‘ಘಟನೆಗಳು’. ಆ ವಿಭಾಗವನ್ನು ವರ್ಷದ ಪ್ರಕಾರ ಜೋಡಿಸಿದ್ದೆವು. ಹಾಗಾಗಿ ಅರಕೇರಾದ ಜನ ಒಂದು ಆಲಿಕಲ್ಲು ಮಳೆಗೂ ಒಂದು ಮಿಡತೆ ಹಾವಳಿಗೂ ನಡುವೆ ಬಂದು ಕೂತರು.

ಹೋದ ವಾರ ದುರುಗಮ್ಮ ಎಂಬ ಹಿರಿಯರು ಕಚೇರಿಗೆ ಬಂದರು. ನಲವತ್ತೂ ದಿನ ಅಲ್ಲಿ ಕೂತಿದ್ದವರು. ಕರಡನ್ನು ಓದಿ ಹೇಳಿದೆ. “ಆಲಿಕಲ್ಲು ಬಿದ್ದಂಗ ನಾವೂ ಬಿದ್ದು ಕರಗಿ ಹೋದ್ವೇನ ಯವ್ವಾ?” ಎಂದರು. “ಯಾರ ಮನಿ ಎತ್ತು, ಯಾರ ಮನಿ ರೊಟ್ಟಿ, ಎಲ್ಲಾ ಕುಂತು ಮಾತಾಡ್ಕೊಂಡು ಹೋಗಿದ್ವಿ ನಾವು.”

ಕೋಶ ತಟಸ್ಥವಾಗಿರಬೇಕಲ್ಲವೇ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ನೀ ಯಮನೂರಪ್ಪನ ಮಗಳಲ್ಲೇನು?”

ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ, ಸಭಿಕರೇ. ಯಮನೂರಪ್ಪ ನನ್ನ ತಂದೆ. ಗಾಯರಾಣಕ್ಕೆ ಅಂಟಿಕೊಂಡ ಹೊಲ ನಮ್ಮದು. ನಲವತ್ತೊಂದನೆಯ ದಿನ ಬೆಳಗ್ಗೆ ಅವರ ನೇಗಿಲುಗಳನ್ನು ಮುರಿಯಲು ಹೋದವರ ಮುಂದೆ ಇದ್ದವರು ಅಪ್ಪ. ಹಿಂದೆ ಮಜ್ಜಿಗೆಯ ತಂಬಿಗೆ ಹಿಡಿದು ಹೋದವಳು ನಾನು. ಆಗ ನನಗೆ ಒಂಬತ್ತು ವರ್ಷ. ಅಂದು ಅಪ್ಪ ಊಟ ಮಾಡಲಿಲ್ಲ. ಅದು ಕೋಶಕ್ಕೆ ಸೇರುವ ಸಂಗತಿಯಲ್ಲ, ಬಿಡಿ. ಆದರೆ ನೇಗಿಲು ಮುರಿದದ್ದು? ಅದೂ ಕರಡಿನಲ್ಲಿಲ್ಲ. ‘ಚಳವಳಿ’ ಎಂಬ ಪದಕ್ಕೆ ಆಕ್ಷೇಪ ಎತ್ತಿದವಳು ನಾನು. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರಿದೆ, ಕಾರಣ ಇಲ್ಲ.

ಎರಡನೆಯ ಸಾಲಿನಲ್ಲಿ ನನ್ನ ತಮ್ಮ ಉಮೇಶ ಕೂತಿದ್ದಾನೆ. ಅರಕೇರಾದಲ್ಲೇ ಇರುವವನು. ಬೆಳಗ್ಗೆ ಆ ಪುಟ ತಿದ್ದುವ ಮಾತೆತ್ತಿದಾಗ ಹೇಳಿದ: “ಅಕ್ಕಾ, ಸತ್ತವರ ಹೆಸರ ಯಾಕ ಎಳದು ತರ್ತಿ? ನಾ ಊರಾಗ ತಿರುಗಾಡಬೇಕು.” ಅವನ ಭಯ ಸುಳ್ಳಲ್ಲ. ಅವನ ಮುಖ ನೋಡಿದರೆ ನನ್ನ ಮಾತು ನಿಂತುಹೋಗುತ್ತದೆಂದು ಹಿಂದಿನ ಸಾಲುಗಳನ್ನು ನೋಡುತ್ತಿದ್ದೇನೆ.

ಪ್ರಭುರಾಜ ಅವರೇ, ‘ಚಳವಳಿ’ ಎಂದರೆ ಅವರು ಮಾಡಿದ್ದೆಲ್ಲ ಸರಿ ಎಂಬ ತೀರ್ಪಲ್ಲ. ಮೇವಿನ ನೆಲ ಹೋಯಿತೆಂಬ ದನ ಮೇಯಿಸುವವರ ದೂರೂ ಆ ಪುಟದಲ್ಲಿರಲಿ. ಜನ ಕೂಡಿ ಒಂದು ಬೇಡಿಕೆ ಇಟ್ಟು ಕೂತರು ಎಂಬುದಂತೂ ನಡೆದದ್ದೇ ಅಲ್ಲವೇ?

ನಾಳೆ ಹತ್ತಕ್ಕೆ ಪ್ರೆಸ್ ತೆರೆಯುತ್ತದೆ. ಆ ಪುಟವನ್ನು ನಿಲ್ಲಿಸಬೇಕು, ನನ್ನ ಆಕ್ಷೇಪವನ್ನು ಕಾರಣ ಬರೆದು ಹಿಂತೆಗೆದುಕೊಳ್ಳಬೇಕು, ಆ ನಮೂದನ್ನು ಬೇರೆಯವರ ಕೈಗೆ ಕೊಡಬೇಕು ಎಂದು ನಿರ್ಧರಿಸಿದ್ದೇನೆ. ಇದನ್ನೆಲ್ಲ ತಿಳಿಸುವ ಪತ್ರವನ್ನು ಇನ್ನೂ ಬರೆದಿಲ್ಲ.

ಇಷ್ಟು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.